ದೂರದ ಮದುವೆ, ಭಾರದ ಮುಯ್ಯಿ

ಮದುವೆಯು ಎರಡು ಕುಟುಂಬಗಳನ್ನು ಬೆಸೆಯುತ್ತದೆ ಎಂಬುದು ನಾವೆಲ್ಲರೂ ಒಪ್ಪುವ ಮಾತು. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಊರುಗಳ ಎಷ್ಟೋ ಮದುವೆಗಳು ಎರಡು ಹೊಸ ಮನೆಗಳನ್ನು ಹತ್ತಿರ ತರುವ ಹೊತ್ತಿಗೆ ಒಂದೇ ತಾಯಿಯ ಮಕ್ಕಳ ನಡುವೆ ಮಾತು ನಿಲ್ಲುವಂತೆ ಮಾಡುತ್ತಿವೆ. ಕಾರಣವನ್ನು ಕೆದಕಿ ನೋಡಿದರೆ ಅಲ್ಲಿ ಹೊಲದ ಬದುವಿನ ತಂಟೆಯಿಲ್ಲ, ಪಿತ್ರಾರ್ಜಿತ ಆಸ್ತಿಯ ಪಾಲಿನ ವ್ಯಾಜ್ಯವೂ ಇಲ್ಲ. ಇರುವುದು ಒಂದು ಲಕೋಟೆ ಮತ್ತು ಅದರೊಳಗೆ ಎಷ್ಟಿತ್ತು ಎಂಬ ಪ್ರಶ್ನೆ. ಮದುವೆಯು ಮನೆಯ ಅಂಗಳವನ್ನು ಬಿಟ್ಟು ದೂರದ ನಗರದ ಫಂಕ್ಷನ್ ಹಾಲಿಗೆ, ಕಡಲ ದಂಡೆಯ ರೆಸಾರ್ಟಿಗೆ ಹೋದಂತೆಲ್ಲ ಈ ಲಕೋಟೆಯ ಜಗಳ ಇನ್ನಷ್ಟು ಕಹಿಯಾಗುತ್ತಿದೆ. ಇದನ್ನು ಮನೆಯೊಳಗಿನ ಸಣ್ಣ ಮಾತೆಂದು ತಳ್ಳಿಹಾಕುವ ಕಾಲ ಮುಗಿದಿದೆ.

ಸಿಂಧನೂರು ತಾಲೂಕಿನ ತುರ್ವಿಹಾಳದಂತಹ ಪಟ್ಟಣವನ್ನೇ ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಸೀಮೆ. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ, 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮುಸ್ಲಿಂ ಕುಟುಂಬಗಳಿಗೆ ಹೈದರಾಬಾದಿನೊಂದಿಗೆ ನಂಟು ಇಂದಿಗೂ ಕಡಿದಿಲ್ಲ. ಕೊಡುಕೊಳ್ಳುವ ಸಂಬಂಧಗಳೂ ಅಲ್ಲಿವೆ, ಮಾಂಜೆ, ಸಾಂಚಕ್, ಮೆಹೆಂದಿ, ಜುಮಗಿಗಳೆಂಬ ಆಚರಣೆಗಳೂ ಅಲ್ಲಿಂದಲೇ ಬಂದಿವೆ. ಕಳೆದ ಒಂದು ತಲೆಮಾರಿನಲ್ಲಿ ನಮ್ಮ ಮಕ್ಕಳು ಬೆಂಗಳೂರಿಗೆ, ಹೈದರಾಬಾದಿಗೆ, ಜಿದ್ದಾ ಮತ್ತು ದುಬೈಗಳಿಗೆ ದುಡಿಯಲು ಹೋದರು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನು ಊರಿನಲ್ಲಿ ಕಿರಾಣಿ ಅಂಗಡಿಯಲ್ಲೋ ಗದ್ದೆಯಲ್ಲೋ ಉಳಿದನು. ಇನ್ನೊಬ್ಬನು ನಗರದಲ್ಲಿ ಇಂಜಿನಿಯರಾದನು. ಮತ್ತೊಬ್ಬನು ಕೊಲ್ಲಿಯಿಂದ ಹಣ ಕಳಿಸುವವನಾದನು. ಹೀಗೆ ಆದಾಯಗಳು ಬೇರೆಬೇರೆಯಾದವು. ಆದರೆ ಮದುವೆಯ ಮುಯ್ಯಿಯ ವಿಷಯದಲ್ಲಿ ಮಾತ್ರ ಮೂವರೂ ಸಮಾನರು ಎಂದು ನಿರೀಕ್ಷಿಸುವ ರೂಢಿ ಹಾಗೆಯೇ ಉಳಿಯಿತು.

ದೂರದಲ್ಲಿ ಮದುವೆ ಮಾಡುವುದೆಲ್ಲವೂ ಆಡಂಬರವೆಂದು ನಾವು ಹೇಳುವುದಿಲ್ಲ. ವಧುವಿನ ಮನೆ ಒಂದು ಜಿಲ್ಲೆಯಲ್ಲಿ, ವರನ ಮನೆ ಇನ್ನೊಂದು ರಾಜ್ಯದಲ್ಲಿದ್ದು, ನಡುವಿನ ಒಂದು ಊರಿನಲ್ಲಿ ಎಲ್ಲರೂ ಸೇರುವುದು ಅನುಕೂಲವಾಗಿರಬಹುದು. ವಿದೇಶದಿಂದ ಹತ್ತು ದಿನಗಳ ರಜೆಯ ಮೇಲೆ ಬಂದವನಿಗೆ ನಗರವೇ ಸುಲಭವಾಗಿರಬಹುದು. ಆದರೆ ಅನುಕೂಲಕ್ಕಾಗಿ ಊರು ಬದಲಿಸುವುದು ಬೇರೆ, ಹೆಸರಿಗಾಗಿ ಊರು ಬದಲಿಸುವುದು ಬೇರೆ. ಅತಿಥಿಯ ಮೇಲೆ ಬೀಳುವ ಭಾರವನ್ನು ಯಾರೂ ಎಣಿಸದಿದ್ದಾಗ ಈ ಎರಡರ ಫಲವೂ ಒಂದೇ ಆಗುತ್ತದೆ.

ಲೆಕ್ಕ ಯಾರ ಹೆಗಲಿಗೆ?

ಊರಿನಲ್ಲಿ ಉಳಿದ ಅಣ್ಣನ ಮನೆಯಲ್ಲಿ ಐದು ಮಂದಿಯಿದ್ದಾರೆ ಎಂದಿಟ್ಟುಕೊಳ್ಳೋಣ. ತಮ್ಮನ ಮಗಳ ಮದುವೆ ಗೋವೆಯ ಒಂದು ರೆಸಾರ್ಟಿನಲ್ಲಿ. ಹೋಗಿಬರುವ ಪ್ರಯಾಣಕ್ಕೆ 10,000 ರೂಪಾಯಿ; ಮೆಹೆಂದಿಗೆ ಹಳದಿ, ನಿಕಾಹ್‌ಗೆ ಬಿಳಿ ಎಂದು ಬಣ್ಣ ಗೊತ್ತುಮಾಡಿದ್ದರಿಂದ ಹೊಸ ಬಟ್ಟೆಗಳಿಗೆ 12,000; ಮೂರು ದಿನ ಅಂಗಡಿ ಮುಚ್ಚಿದ್ದರಿಂದ ಆದ ನಷ್ಟ 6,000. ಲಕೋಟೆಗೆ ಕೈ ಹಾಕುವ ಮೊದಲೇ 28,000 ರೂಪಾಯಿ ಖರ್ಚಾಗಿದೆ. ನಮ್ಮ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ದೊರೆತಿರುವ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ರಾಜ್ಯದ ಗಡಿಯವರೆಗೆ ಮಾತ್ರ. ಗೋವೆಗೂ ಹೈದರಾಬಾದಿಗೂ ಅದು ಬಾರದು. ಅದೇ ಮದುವೆ ತುರ್ವಿಹಾಳದಲ್ಲೇ ನಡೆದಿದ್ದರೆ ಈ ಅಣ್ಣನು 28,000ದಲ್ಲಿ ಅರ್ಧವನ್ನು ಸಂತೋಷದಿಂದ ಮಗಳ ಕೈಗಿಡುತ್ತಿದ್ದನು. ಈಗ ಅದು ಬಸ್ಸಿನವನಿಗೆ, ಬಟ್ಟೆಯಂಗಡಿಗೆ ಹೋಗಿದೆ. ಉಳಿದ ಅಲ್ಪ ಹಣವನ್ನು ಲಕೋಟೆಯಲ್ಲಿಟ್ಟರೆ ಸೋದರರ ನಡುವೆ ಮಾತು ಹುಟ್ಟುತ್ತದೆ: ಸ್ವಂತ ದೊಡ್ಡಪ್ಪ, ಕೊಟ್ಟದ್ದು ಇಷ್ಟೇ?

ಆ ಕಡೆಯ ಅಳಲನ್ನೂ ಕೇಳೋಣ. ಇಡೀ ಕುಟುಂಬಕ್ಕೆ ಎರಡು ಕೋಣೆ ಹಿಡಿದೆವು, ಒಂದೊಂದು ಊಟಕ್ಕೆ ಸಾವಿರಾರು ರೂಪಾಯಿ ತೆತ್ತೆವು, ಆದರೂ ಅವರು ಕೊಟ್ಟದ್ದು ಒಂದು ಊಟದ ಬೆಲೆಗೂ ಸಮವಾಗಲಿಲ್ಲ ಎಂಬುದು ಆ ಮನೆಯ ದೂರು. ಆದರೆ ಆ ಕೋಣೆಯನ್ನು, ಆ ಊಟವನ್ನು ಅಣ್ಣನು ಕೇಳಿದ್ದನೇ? ಆತಿಥೇಯನು ತಾನೇ ಆರಿಸಿಕೊಂಡ ವೆಚ್ಚವನ್ನು ಅತಿಥಿಯಿಂದ ವಸೂಲು ಮಾಡಲು ಹೊರಟರೆ ಅದು ಔತಣವಾಗುವುದಿಲ್ಲ, ಟಿಕೆಟ್ ಇಟ್ಟ ಊಟವಾಗುತ್ತದೆ. ಅತಿಥಿಯಿಂದ ಒಮ್ಮೆ ಪ್ರಯಾಣದ ರೂಪದಲ್ಲಿ, ಮತ್ತೊಮ್ಮೆ ಲಕೋಟೆಯ ರೂಪದಲ್ಲಿ ಎರಡು ಸಲ ಪಡೆದಂತಾಗುತ್ತದೆ.

ಈ ಜಗಳಕ್ಕೆ ಹಲವು ಮುಖಗಳಿವೆ. ಅಣ್ಣತಮ್ಮಂದಿರೆಲ್ಲ ಸೇರಿ ಒಂದು ತೊಲ ಚಿನ್ನ ಕೊಡೋಣವೆಂದು ನಗರದವನು ಸೂಚಿಸುತ್ತಾನೆ. ಪಾಲು ಸಮಸಮ ಎನ್ನುತ್ತಾನೆ. ಊರಿನವನು ಇಲ್ಲವೆನ್ನಲಾರ, ಕೊಡಲೂ ಆರ. ಮದುವೆಗೆ ಹೋಗಲಾಗದ ಫುಫಿಗೆ, ಬಾರದಿದ್ದರೂ ಫೋನ್‌ಪೇ ಮಾಡಬಹುದಿತ್ತಲ್ಲ ಎಂಬ ಮಾತು ಮೂರನೆಯವರ ಮೂಲಕ ತಲಪುತ್ತದೆ. ಸೊಸೆಯ ತವರಿನ ಸೋದರಮಾವ ಎಷ್ಟು ಸಲಾಮಿ ಕೊಟ್ಟನೆಂಬುದನ್ನು ಆಕೆಯ ಮುಂದೆ ವರ್ಷಗಟ್ಟಲೆ ಎಣಿಸಲಾಗುತ್ತದೆ. ಗಂಡಸರ ಜಗಳ ಹಬ್ಬದ ಅಪ್ಪುಗೆಯಲ್ಲಿ ಮುಗಿಯಬಹುದು. ಹೆಣ್ಣುಮಕ್ಕಳು ಕೇಳಿಸಿಕೊಳ್ಳುವ ಚುಚ್ಚುಮಾತು ಅಡುಗೆಮನೆಯಲ್ಲಿ ಉಳಿದುಬಿಡುತ್ತದೆ.

ನಮ್ಮ ಸೀಮೆಯ ರೈತನ ಕೈಯಲ್ಲಿ ಹಣ ಓಡಾಡುವುದು ಕಾಲುವೆಯ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ಎದೆ ಹಿಡಿದುಕೊಂಡು ಕುಳಿತಿತ್ತು. ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಒಂದು ಬೆಳೆ ತಪ್ಪಿದ ವರ್ಷದಲ್ಲಿ ಭತ್ತ ಬೆಳೆಯುವ ಅಣ್ಣನಿಗೂ ತಿಂಗಳ ಸಂಬಳದ ತಮ್ಮನಿಗೂ ಒಂದೇ ಅಳತೆಯ ಮುಯ್ಯಿ ವಿಧಿಸುವುದು ಯಾವ ನ್ಯಾಯ? ಮದುವೆಯ ದಿನಾಂಕ ಗೊತ್ತುಮಾಡುವವರು ಹಾಲ್ ಸಿಗುವುದೇ, ರಜೆ ಸಿಗುವುದೇ ಎಂದು ನೋಡುತ್ತಾರೆ. ಊರಿನ ಬಂಧುವಿನ ಕೈಯಲ್ಲಿ ಆಗ ಹಣವಿರುವುದೇ ಎಂದು ನೋಡುವವರು ಎಷ್ಟು ಮಂದಿ?

ಮುಯ್ಯಿ ಎಂಬ ಪದ

ಕನ್ನಡದ ಮುಯ್ಯಿ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮದುವೆ ಮುಂಜಿಗಳಲ್ಲಿ ಕೊಡುವ ಉಡುಗೊರೆ ಒಂದು ಅರ್ಥ. ಸೇಡು ಇನ್ನೊಂದು ಅರ್ಥ. ಮುಯ್ಯಿ ತೀರಿಸಿಕೊಂಡನು ಎಂದರೆ ಹಗೆ ತೀರಿಸಿಕೊಂಡನು ಎಂದೇ ತಿಳಿಯುತ್ತೇವೆ. ಕೊಟ್ಟದ್ದನ್ನು ಅಷ್ಟೇ ಅಳತೆಯಲ್ಲಿ ಹಿಂತಿರುಗಿಸುವುದು ಎರಡಕ್ಕೂ ಸಮಾನವಾದ ಭಾವ. ಪ್ರೀತಿಗೆ ಅಳತೆಗೋಲು ಬಂದೊಡನೆ ಅದು ಸೇಡಿನ ನೆರೆಮನೆಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನಮ್ಮ ಭಾಷೆ ಎಂದೋ ಗುರುತಿಸಿದಂತಿದೆ.

ಮುಯ್ಯಿಯ ಮೂಲ ಕೆಟ್ಟದ್ದೇನಲ್ಲ. ಬ್ಯಾಂಕು, ವಿಮೆಗಳಿಲ್ಲದ ಕಾಲದಲ್ಲಿ ಒಂದು ಮನೆಯ ಮದುವೆಯ ಭಾರವನ್ನು ನಾಲ್ಕು ಮನೆಗಳು ಹಂಚಿಕೊಳ್ಳುತ್ತಿದ್ದವು. ಒಬ್ಬರು ಅಕ್ಕಿ ಕಳಿಸುತ್ತಿದ್ದರು, ಒಬ್ಬರು ಪಾತ್ರೆ ಕೊಡುತ್ತಿದ್ದರು, ಇನ್ನೊಬ್ಬರು ಬಂದು ದುಡಿದು ಹೋಗುತ್ತಿದ್ದರು. ಆ ನೆರವು ಮದುವೆಗೆ ಮುಂಚೆ, ಅಗತ್ಯವಿದ್ದಾಗ, ಹಿಂಬಾಗಿಲಿನಿಂದ ಬರುತ್ತಿತ್ತು. ಇಂದು ಅದು ಮದುವೆಯ ನಂತರ, ಖರ್ಚೆಲ್ಲ ಆದಮೇಲೆ, ವೇದಿಕೆಯ ಮೇಲೆ ಕ್ಯಾಮೆರಾದ ಮುಂದೆ ಬರುತ್ತಿದೆ. ಬಾಗಿಲ ಬಳಿ ಮೇಜು ಹಾಕಿ, ನೋಟುಪುಸ್ತಕದಲ್ಲಿ ಹೆಸರು ಮತ್ತು ಮೊತ್ತ ಬರೆದುಕೊಳ್ಳುವವರಿದ್ದಾರೆ. ಮೈಕಿನಲ್ಲಿ ಹೆಸರು ಕೂಗಿ ಮೊತ್ತ ಸಾರುವ ರೂಢಿ ನಮ್ಮ ಭಾಗದ ಕೆಲವೆಡೆ ಇನ್ನೂ ಇದೆ. ಈ ಪುಸ್ತಕವನ್ನು ಜೋಪಾನವಾಗಿಟ್ಟು, ಮುಂದೆ ಆ ಮನೆಗಳಿಗೆ ಹೋಗುವಾಗ ತೆಗೆದು ನೋಡಲಾಗುತ್ತದೆ.

ಈ ಪುಸ್ತಕದ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಒಂದು ಉಂಗುರದ ಮೂಲಕ ನೋಡೋಣ. 2005ರಲ್ಲಿ 10 ಗ್ರಾಂ ಚಿನ್ನದ ಬೆಲೆ ಸುಮಾರು 7,000 ರೂಪಾಯಿ. ಆಗ ಯಾರೋ ಒಬ್ಬರು ಬಂಧುವಿನ ಮಗಳಿಗೆ ನಾಲ್ಕು ಗ್ರಾಂ ಉಂಗುರ ತೊಡಿಸಿದರೆ ಚಿನ್ನಕ್ಕೆ ಆದ ವೆಚ್ಚ 2,800 ರೂಪಾಯಿ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಅದೇ ನಾಲ್ಕು ಗ್ರಾಮಿಗೆ ಆಗ 40,000 ರೂಪಾಯಿ, ಹದಿನಾಲ್ಕು ಪಟ್ಟು. ಈಗ ಪಡೆದವರ ಮನೆಯಿಂದ ಕೊಟ್ಟವರ ಮಗಳ ಮದುವೆಗೆ ಏನು ಹೋಗಬೇಕು? ಮೊತ್ತ ಎಣಿಸುವವರು 5,000 ಕೊಟ್ಟು, ಹೆಚ್ಚೇ ಕೊಟ್ಟೆವು ಎನ್ನುತ್ತಾರೆ. ತೂಕ ಎಣಿಸುವವರು, ಉಂಗುರಕ್ಕೆ ಉಂಗುರ ಬರಲಿಲ್ಲ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಏಕೆಂದರೆ ಇದು ಉಡುಗೊರೆಯೋ ಸಾಲವೋ ಎಂಬುದನ್ನು ಮೊದಲ ದಿನ ಯಾರೂ ಹೇಳಿರಲಿಲ್ಲ.

ಇಲ್ಲಿಯೇ ಸಮಸ್ಯೆಯ ಬೇರಿದೆ. ಸಾಲವಾದರೆ ಅದನ್ನು ಬರೆದಿಡಬೇಕು, ಅವಧಿ ನಿಗದಿಯಾಗಬೇಕು, ಸಾಕ್ಷಿಗಳಿರಬೇಕು ಎಂದು ಬಖರಃ ಅಧ್ಯಾಯದ 282ನೇ ಸೂಕ್ತ ಕಲಿಸುತ್ತದೆ. ಉಡುಗೊರೆಯಾದರೆ ಕೊಟ್ಟವನು ಅದನ್ನು ಮರೆಯಬೇಕು. ನಮ್ಮ ಮುಯ್ಯಿ ಕೊಡುವಾಗ ಉಡುಗೊರೆಯ ವೇಷ ತೊಡುತ್ತದೆ, ಹಿಂತಿರುಗಿ ಕೇಳುವಾಗ ಸಾಲವಾಗುತ್ತದೆ. ಪಡೆಯುವವನು ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ಸಾಲಗಾರನಾಗಿದ್ದಾನೆ.

ಧರ್ಮ ಏನನ್ನುತ್ತದೆ?

ರೂಮ್ ಅಧ್ಯಾಯದ 39ನೇ ಸೂಕ್ತವು ಜನರ ಸಂಪತ್ತಿನಲ್ಲಿ ಸೇರಿ ಬೆಳೆಯಲೆಂದು ಕೊಡುವ ಧನವು ಅಲ್ಲಾಹನ ಬಳಿ ಬೆಳೆಯುವುದಿಲ್ಲವೆಂದೂ, ಅವನ ಪ್ರೀತಿಗಾಗಿ ಕೊಟ್ಟ ಝಕಾತ್ ಮಾತ್ರ ಇಮ್ಮಡಿಸುವುದೆಂದೂ ತಿಳಿಸುತ್ತದೆ. ಹೆಚ್ಚಿನದನ್ನು ಮರಳಿ ಪಡೆಯುವ ಆಸೆಯಿಂದ ನೀಡುವ ಉಡುಗೊರೆಯೇ ಇಲ್ಲಿನ ಪ್ರಸ್ತಾಪವೆಂದು ಪ್ರಾಚೀನ ವ್ಯಾಖ್ಯಾನಕಾರರಲ್ಲಿ ಅನೇಕರು ವಿವರಿಸಿದ್ದಾರೆ. ಮುದ್ದಸ್ಸಿರ್ ಅಧ್ಯಾಯದ 6ನೇ ಸೂಕ್ತವನ್ನೂ ಹೆಚ್ಚು ಪಡೆಯಲೆಂದು ಕೊಡಬೇಡ ಎಂಬ ಅರ್ಥದಲ್ಲಿ ಅವರು ಓದಿದ್ದಾರೆ. ಉತ್ತರ ಭಾರತದಲ್ಲಿ ನ್ಯೋತಾ ಎಂಬ ಹೆಸರಿನಲ್ಲಿದ್ದ ಇಂತಹದೇ ಪದ್ಧತಿಯನ್ನು ಮೌಲಾನಾ ಅಶ್ರಫ್ ಅಲಿ ಥಾನವಿಯವರು (1863-1943) ಕಟುವಾಗಿ ವಿಮರ್ಶಿಸಿ, ಅದು ಉಡುಗೊರೆಯಲ್ಲ, ಸಾಲವೆಂದು ವಿವರಿಸಿದರು. ನೂರು ವರ್ಷಗಳ ಹಿಂದಿನ ಆ ಎಚ್ಚರಿಕೆ ನಮ್ಮ ಶಾದಿಮಹಲ್‌ಗಳ ಬಾಗಿಲನ್ನು ಇನ್ನೂ ತಟ್ಟುತ್ತಲೇ ಇದೆ.

ಪ್ರವಾದಿ(ಸ)ರು ಉಡುಗೊರೆಯನ್ನು ಸ್ವೀಕರಿಸುತ್ತಿದ್ದರು, ಪ್ರತಿಯಾಗಿ ತಾವೂ ನೀಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಹಾಗಿರುವಾಗ ಮುಯ್ಯಿಗೆ ಮುಯ್ಯಿ ಸುನ್ನತ್ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಪ್ರತಿಯಾಗಿ ಕೊಡುವುದು ಖಂಡಿತವಾಗಿ ಸುನ್ನತ್. ಆದರೆ ಅದು ಪಡೆದವನ ಸೌಜನ್ಯ, ಕೊಟ್ಟವನ ಹಕ್ಕಲ್ಲ. ಪ್ರತಿಯಾಗಿ ಕೊಡಲು ಏನೂ ಇಲ್ಲದವನು ಪ್ರಾರ್ಥಿಸಿದರೂ ಸಾಕೆಂದು ಹದೀಸ್‌ಗಳು ಹೇಳುತ್ತವೆ. ನೆರೆಯವಳು ಕೊಟ್ಟದ್ದು ಕುರಿಯ ಗೊರಸೇ ಆಗಿದ್ದರೂ ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ)ರು ಮುಸ್ಲಿಂ ಮಹಿಳೆಯರನ್ನು ಉದ್ದೇಶಿಸಿಯೇ ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ದಾಖಲಾಗಿದೆ. ಲಕೋಟೆಯನ್ನು ಬಿಚ್ಚಿ ತುಟಿ ಕೊಂಕಿಸುವ ನಮ್ಮ ಮನೆಗಳಲ್ಲಿ ಈ ಹದೀಸ್ ಯಾವಾಗ ಓದಲ್ಪಡುವುದು?

ಇನ್ನು ಪ್ರಯಾಣಿಕನ ವಿಷಯ. ಪ್ರಯಾಣದಲ್ಲಿರುವವನಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಲಾಗಿದೆ. ಉಪವಾಸವನ್ನು ಮುಂದೂಡಲು ಅನುಮತಿಯಿದೆ. ತೌಬಃ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್ ಪಡೆಯಲು ಅರ್ಹರಾದವರ ಪಟ್ಟಿಯಲ್ಲಿ ದಾರಿಹೋಕನೂ ಇದ್ದಾನೆ. ಅತಿಥಿಗೆ ಒಂದು ಹಗಲು ರಾತ್ರಿಯ ವಿಶೇಷ ಸತ್ಕಾರ, ಮೂರು ದಿನಗಳ ಆತಿಥ್ಯ ಸಲ್ಲಬೇಕೆಂದು ಪ್ರವಾದಿ(ಸ)ರು ಕಲಿಸಿದರು. ಅಲ್ಲಿ ಆತಿಥೇಯನು ಅತಿಥಿಗೆ ಸಲ್ಲಿಸಬೇಕಾದ ಹಕ್ಕಿದೆ. ಅಲ್ಲಾಹನು ತನಗೆ ಸಲ್ಲಬೇಕಾದ ಆರಾಧನೆಯನ್ನೇ ಪ್ರಯಾಣಿಕನ ಪಾಲಿಗೆ ಹಗುರಗೊಳಿಸಿರುವಾಗ, ನಾವು ನಮಗೆ ಸಲ್ಲಬೇಕೆಂದುಕೊಂಡ ಮುಯ್ಯಿಯನ್ನು ಅವನ ಪಾಲಿಗೆ ಭಾರಗೊಳಿಸುವುದು ಎಂತಹ ವಿಪರ್ಯಾಸ!

ಊರಿನಿಂದ ದೂರದಲ್ಲಿ ನಡೆದ ಒಂದು ಮದುವೆ ನಮ್ಮ ಇತಿಹಾಸದಲ್ಲೇ ಇದೆ. ಖೈಬರ್‌ನಿಂದ ಮದೀನಾಕ್ಕೆ ಮರಳುವ ದಾರಿಯಲ್ಲಿ ಪ್ರವಾದಿ(ಸ)ರ ಮತ್ತು ಹಝ್ರತ್ ಸಫಿಯ್ಯಾ(ರ)ರ ವಲೀಮ ನಡೆಯಿತು. ಚರ್ಮದ ಹಾಸನ್ನು ಹರಡಿ, ಯಾರ ಬಳಿ ಏನಿದೆಯೋ ಅದನ್ನು ತರುವಂತೆ ಪ್ರವಾದಿ(ಸ)ರು ತಿಳಿಸಿದರು. ಒಬ್ಬರು ಖರ್ಜೂರ ತಂದರು, ಒಬ್ಬರು ತುಪ್ಪ ತಂದರು. ಎಲ್ಲವನ್ನೂ ಕಲಸಿದರು, ಅದೇ ವಲೀಮದ ಊಟವಾಯಿತು. ಅಲ್ಲಿ ಅತಿಥಿಗಳು ತಂದದ್ದು ಇದ್ದುದನ್ನು, ಇದ್ದವರು ಮಾತ್ರ. ಯಾರು ಎಷ್ಟು ತಂದರೆಂಬ ಪಟ್ಟಿ ಇರಲಿಲ್ಲ. ತಂದದ್ದನ್ನು ಎಲ್ಲರೂ ಒಟ್ಟಾಗಿ ಉಂಡರು. ಕರೆಯಲಿಲ್ಲವೆಂದು ಮುನಿಸಿಕೊಳ್ಳುವವರಿಗೆ ಇನ್ನೊಂದು ಘಟನೆ ಇದೆ. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಮೈಮೇಲೆ ಹಳದಿ ಗುರುತನ್ನು ಕಂಡು ವಿಚಾರಿಸಿದಾಗಲೇ ಅವರಿಗೆ ಮದುವೆಯಾಗಿದೆಯೆಂದು ಪ್ರವಾದಿ(ಸ)ರಿಗೆ ತಿಳಿದದ್ದು. ಅವರು ಮುನಿಸಿಕೊಳ್ಳಲಿಲ್ಲ, ಪ್ರಾರ್ಥಿಸಿದರು, ಒಂದು ಕುರಿಯಿಂದಾದರೂ ವಲೀಮ ನಡೆಸುವಂತೆ ಹೇಳಿದರು.

ಉಡುಗೊರೆ ಯಾರದು?

ಜಗಳದ ಇನ್ನೊಂದು ಮುಖ ಉಡುಗೊರೆಯ ಒಡೆತನ. ಬಂದ ಲಕೋಟೆಗಳನ್ನೆಲ್ಲ ರಾತ್ರಿಯೇ ಒಟ್ಟುಗೂಡಿಸಿ ಹಾಲಿನ ಬಾಕಿ, ಅಡುಗೆಯವರ ಬಾಕಿ ತೀರಿಸುವ ಮನೆಗಳಿವೆ. ವಧುವಿಗೆಂದು ಆಕೆಯ ಮಾಮು ಕೊಟ್ಟದ್ದು ಎಲ್ಲಿ ಹೋಯಿತೆಂದು ಆಕೆಗೇ ತಿಳಿದಿರುವುದಿಲ್ಲ. ಇದು ಧರ್ಮಕ್ಕೂ ಕಾನೂನಿಗೂ ಒಪ್ಪುವ ರೀತಿಯಲ್ಲ. ಯಾರಿಗೆ ಕೊಡಲಾಯಿತೋ ಅವರೇ ಅದರ ಒಡೆಯರು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ರೂಪಿಸಲಾದ ನಿಯಮಗಳ ಪ್ರಕಾರ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳ ಪಟ್ಟಿಯನ್ನು ವರನೂ ಲಿಖಿತವಾಗಿ ಇಟ್ಟುಕೊಳ್ಳಬೇಕು. ಮುಸ್ಲಿಂ ಮಹಿಳೆಯರ ವಿಚ್ಛೇದನ ಹಕ್ಕುಗಳ ಕುರಿತ 1986ರ ಕಾಯ್ದೆಯ 3ನೇ ಕಲಮು, ಮದುವೆಗೆ ಮುಂಚೆ, ಮದುವೆಯಲ್ಲಿ ಅಥವಾ ಆನಂತರ ಬಂಧುಮಿತ್ರರು ಆಕೆಗೆ ನೀಡಿದ ಸೊತ್ತೆಲ್ಲಕ್ಕೂ ವಿಚ್ಛೇದಿತೆ ಹಕ್ಕುದಾರಳೆಂದು ಹೇಳುತ್ತದೆ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಇದೇ ಕಲಮನ್ನು ಆಧರಿಸಿ, ಮದುವೆಯ ಸಂದರ್ಭದಲ್ಲಿ ತಂದೆ ನೀಡಿದ್ದ ನಗದು ಮತ್ತು ಚಿನ್ನದ ಮೌಲ್ಯ ವಿಚ್ಛೇದಿತ ಮಗಳಿಗೇ ಸಲ್ಲಬೇಕೆಂದು ತೀರ್ಪಿತ್ತಿತು. ಅಲ್ಲಿ ವಾದಕ್ಕೆ ಆಸ್ಪದವಾದದ್ದು, ಕೊಟ್ಟದ್ದು ಮಗಳಿಗೋ ಅಳಿಯನಿಗೋ ಎಂಬ ಪ್ರಶ್ನೆ. ಮದುವೆಯ ದಿನ ಎರಡು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಒಂದು ಹೆಣ್ಣುಮಗಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗಿರಲಿಲ್ಲ.

ಆದ್ದರಿಂದ ಬಾಗಿಲ ಬಳಿಯ ನೋಟುಪುಸ್ತಕವನ್ನು ಸುಡಬೇಕಾಗಿಲ್ಲ, ಅದರ ಉದ್ದೇಶವನ್ನು ಬದಲಿಸಬೇಕಾಗಿದೆ. ಕೊಟ್ಟವರನ್ನು ಅಳೆಯುವ ಪುಸ್ತಕ ಬೇಡ. ಪಡೆದ ಹೆಣ್ಣುಮಗಳ ಸೊತ್ತನ್ನು ಕಾಯುವ ಪಟ್ಟಿ ಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ನಿಕಾಹ್‌ನ ಊಟದ ಭಾರ ಹೆಣ್ಣಿನ ಮನೆಯ ಮೇಲೆ, ವಲೀಮದ ಭಾರ ಗಂಡಿನ ಮನೆಯ ಮೇಲೆ ಬೀಳುತ್ತದೆ. ಮದುವೆ ಇಂತಹ ನಗರದ ಇಂತಹ ಹಾಲಿನಲ್ಲೇ ಆಗಬೇಕೆಂದು ಗಂಡಿನ ಕಡೆಯವರು ಹಟ ಹಿಡಿದರೆ ಅದರ ಬಿಲ್ಲು ಹೆಣ್ಣಿನ ತಂದೆಗೆ ಬರುತ್ತದೆ. ನಾವು ಜೋಡೆ ಕೀ ರಖಮ್ ಕೇಳಲಿಲ್ಲ, ಜಹೇಜ್ ಕೇಳಲಿಲ್ಲ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ ಎಂದೆವು ಎನ್ನುವ ಜನರ ಸುಧಾರಣೆ ಎಷ್ಟು ಟೊಳ್ಳೆಂಬುದು ಆಗ ತಿಳಿಯುತ್ತದೆ. ಮಹ್ರ್ ಅನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ 1961ರ ಕಾಯ್ದೆ ಹೊರಗಿಟ್ಟಿದೆ. ಅದು ಹೆಣ್ಣಿಗೆ ಸಲ್ಲುವ ಹಕ್ಕು. ಹೆಣ್ಣಿನ ತಂದೆಯಿಂದ ಬಲವಂತವಾಗಿ ಹೊರಡಿಸಿದ ರೆಸಾರ್ಟ್ ಬಿಲ್ಲಿಗೆ ಆ ಗೌರವ ಸಲ್ಲದು.

ಸರಕಾರವೂ ನಾವೂ

ದೇಶದ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದೂ ಗಮನಾರ್ಹ. ನೋಟು ರದ್ದತಿಯಾಗಿ ಜನಸಾಮಾನ್ಯರು ಬ್ಯಾಂಕಿನ ಮುಂದೆ ಸಾಲು ನಿಂತಿದ್ದ 2016ರ ನವೆಂಬರ್‌ನಲ್ಲೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಳ್ಳಾರಿಯ ಮಾಜಿ ಸಚಿವರೊಬ್ಬರ ಮಗಳ ಅದ್ದೂರಿ ಮದುವೆ ನಡೆಯಿತು. ಅದರ ಆಮಂತ್ರಣದ ಪೆಟ್ಟಿಗೆಯೊಳಗೆ ಎಲ್‌ಸಿಡಿ ಪರದೆಯೇ ಇತ್ತು. 2023ರ ನವೆಂಬರ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು, ಶ್ರೀಮಂತ ಕುಟುಂಬಗಳು ವಿದೇಶಕ್ಕೆ ಹೋಗಿ ಮದುವೆ ಮಾಡುವುದೇಕೆ, ಭಾರತದಲ್ಲೇ ಮಾಡಬಾರದೇ ಎಂದು ಕೇಳಿದರು. ಮದುವೆಯ ದುಂದುವೆಚ್ಚದ ಬಗ್ಗೆ ಅವರ ಕಳವಳವಿರಲಿಲ್ಲ. ಹಣ ದೇಶದೊಳಗೆ ಖರ್ಚಾಗಲಿ ಎಂಬುದಷ್ಟೇ ಅವರ ಕಾಳಜಿಯಾಗಿತ್ತು. 2024ರಲ್ಲಿ ಅಂಬಾನಿ ಕುಟುಂಬದ ಮದುವೆ ಜಾಮ್‌ನಗರದಲ್ಲಿ ಆರಂಭವಾಗಿ, ಯುರೋಪಿನ ಹಡಗು ಹತ್ತಿ, ಮುಂಬೈಯಲ್ಲಿ ಮುಗಿದುದನ್ನು ತುರ್ವಿಹಾಳದ ಮಕ್ಕಳೂ ಮೊಬೈಲಿನಲ್ಲಿ ನೋಡಿದರು. ಆ ನೋಟದ ನಕಲು, ಸಾಲದ ಹಣದಲ್ಲಿ, ನಮ್ಮ ಮನೆಗಳಿಗೆ ಇಳಿಯುತ್ತಿದೆ.

ಕಾನೂನಿನ ಪ್ರಯತ್ನಗಳೂ ನಡೆದಿವೆ. ಐದು ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಮದುವೆಯವರು ಅದರ ಶೇಕಡ 10ನ್ನು ಬಡ ಹೆಣ್ಣುಮಕ್ಕಳ ಮದುವೆಗೆ ನೀಡಬೇಕೆಂದು ಬಿಹಾರದ ಸಂಸದೆ ರಂಜೀತ್ ರಂಜನ್ 2017ರಲ್ಲಿ ಖಾಸಗಿ ಮಸೂದೆಯ ಮೂಲಕ ಒತ್ತಾಯಿಸಿದರು. ಪಂಜಾಬಿನ ಜಸ್ಬೀರ್ ಸಿಂಗ್ ಗಿಲ್‌ರ ಖಾಸಗಿ ಮಸೂದೆ 2023ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಚರ್ಚೆಗೆ ಬಂತು. ಎರಡೂ ಕಡೆಯಿಂದ 100 ಅತಿಥಿಗಳು, 10 ಬಗೆಯ ತಿನಿಸು, 2,500 ರೂಪಾಯಿಯೊಳಗಿನ ಉಡುಗೊರೆ ಎಂಬುದು ಅದರ ಮಿತಿ. ಎರಡೂ ಕಾಯ್ದೆಯಾಗಲಿಲ್ಲ. ಕರ್ನಾಟಕ ಸರಕಾರ 2013ರಲ್ಲಿ ಬಿದಾಯಿ ಯೋಜನೆಯ ಮೂಲಕ ಬಡ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಮದುವೆಗೆ 50,000 ರೂಪಾಯಿ ನೀಡಿತು; 2025-26ರ ಬಜೆಟ್‌ನಲ್ಲಿ ಅಲ್ಪಸಂಖ್ಯಾತರ ಸರಳ ಸಾಮೂಹಿಕ ವಿವಾಹಗಳಿಗೆ ಪ್ರತಿ ಜೋಡಿಗೆ 50,000 ರೂಪಾಯಿಯ ನೆರವನ್ನು ಘೋಷಿಸಿತು. ಇಂತಹ ನೆರವನ್ನು ಓಲೈಕೆಯೆಂದು ಹಂಗಿಸುವ ರಾಜಕೀಯವನ್ನು ನಾವು ಖಂಡಿಸಬೇಕು, ಸರಿ. ಆದರೆ ಬಡ ಹೆಣ್ಣಿನ ಮದುವೆಗೆ ಸರಕಾರದ ಮುಂದೆ ಕೈಚಾಚುವ ಸಮುದಾಯದಲ್ಲೇ ಉಳ್ಳವರು ಕಡಲ ದಂಡೆಯಲ್ಲಿ ಮೂರು ದಿನ ಹಣ ಸುರಿಯುವುದನ್ನು ಕಂಡೂ ಸುಮ್ಮನಿದ್ದರೆ, ನಮ್ಮ ಖಂಡನೆಗೆ ತೂಕವೆಲ್ಲಿ?

ಯಾವ ಕಾಯ್ದೆಯೂ ಲಕೋಟೆಯೊಳಗೆ ಇಣುಕಲಾರದು. ಅಲ್ಲಿಗೆ ತಲಪಬಲ್ಲದ್ದು ಸಮುದಾಯದ ಮನಸ್ಸಾಕ್ಷಿ ಮಾತ್ರ. ಅಹಮದಾಬಾದಿನ ಯುವತಿಯೊಬ್ಬಳು ವರದಕ್ಷಿಣೆಯ ಕಿರುಕುಳದಿಂದ ನೊಂದು ಸಾಬರಮತಿಗೆ ಹಾರಿದ ಬೆನ್ನಿಗೆ, 2021ರ ಮಾರ್ಚ್‌ನಲ್ಲಿ ಅಖಿಲ ಭಾರತ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಸರಳ ನಿಕಾಹ್‌ನ ಅಭಿಯಾನ ನಡೆಸಿತು. ನಿಕಾಹ್ ಮಸೀದಿಯಲ್ಲಿ ನಡೆಯಲಿ, ನಿಕಾಹ್‌ನ ಊಟ ಮನೆಯವರಿಗೆ ಮತ್ತು ಹೊರ ಊರಿನಿಂದ ಬಂದವರಿಗೆ ಸೀಮಿತವಾಗಲಿ ಎಂಬುದು ಅದರ ಪ್ರತಿಜ್ಞೆಯಲ್ಲಿತ್ತು. ಹೊರ ಊರಿನಿಂದ ಬಂದವರು ಕಡಿಮೆಯಿರುತ್ತಾರೆ ಎಂಬ ನಂಬಿಕೆಯ ಮೇಲೆ ಆ ಮಾತು ನಿಂತಿತ್ತು. ನಾವೀಗ ಎಲ್ಲರನ್ನೂ ಹೊರ ಊರಿನವರನ್ನಾಗಿ ಮಾಡಿಬಿಟ್ಟಿದ್ದೇವೆ! ಶುಕ್ರವಾರದ ಖುತ್ಬಾದಲ್ಲಿ ಸರಳತೆಯನ್ನು ಬೋಧಿಸಿ, ಭಾನುವಾರ ರೆಸಾರ್ಟಿನ ವೇದಿಕೆಯಲ್ಲಿ ದುಆ ಮಾಡುವ ನಮ್ಮ ಮುಖಂಡರೂ ಉಲಮಾಗಳೂ ತಮ್ಮ ಹಾಜರಿ ಏನನ್ನು ಅನುಮೋದಿಸುತ್ತಿದೆ ಎಂದು ಯೋಚಿಸಬೇಕಾಗಿದೆ.

ಮಾಡಬಹುದಾದುದು

ದೊಡ್ಡ ಸುಧಾರಣೆಗೆ ಕಾಯದೆ ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಒಂದು, ನಿಕಾಹ್ ಊರಿನ ಮಸೀದಿಯಲ್ಲಿ ನಡೆಯಲಿ. ನಗರದಲ್ಲಿರುವವರಿಗೆ ಅಲ್ಲಿ ಬೇರೊಂದು ಸಣ್ಣ ಕೂಟ ಸಾಕು. ನೂರು ಮಂದಿ ಬಂಧುಗಳನ್ನು ಪ್ರಯಾಣ ಮಾಡಿಸುವ ಬದಲು ಹತ್ತು ಮಂದಿ ಪ್ರಯಾಣ ಮಾಡಲಿ. ಎರಡು, ದೂರದಲ್ಲೇ ಮಾಡಬೇಕಾದ ಅನಿವಾರ್ಯವಿದ್ದರೆ, ಕರೆಯುವವರು ಹಿರಿಯರ ಮತ್ತು ಬಡ ಬಂಧುಗಳ ಪ್ರಯಾಣವೆಚ್ಚವನ್ನು ತಾವೇ ಭರಿಸಲಿ. ನಿಮ್ಮ ಬರವೇ ಉಡುಗೊರೆ, ಬೇರೇನೂ ತರಬೇಡಿ ಎಂಬ ಮಾತನ್ನು ಆಮಂತ್ರಣದಲ್ಲಿ ಮುದ್ರಿಸಿ, ಬಾಯಲ್ಲೂ ಹೇಳಲಿ, ಆಮೇಲೆ ಅದರಂತೆ ನಡೆಯಲಿ. ಮೂರು, ಬಾರದವರನ್ನು ಕಾರಣ ಕೇಳುವುದು ನಿಲ್ಲಲಿ. ನಾಲ್ಕು, ಒಡಹುಟ್ಟಿದವರು ಸೇರಿ ಕೊಡುವುದಾದರೆ ಪಾಲು ಆದಾಯಕ್ಕೆ ತಕ್ಕಂತಿರಲಿ. ಯಾರು ಎಷ್ಟು ಹಾಕಿದರೆಂಬುದು ಅವರೊಳಗೇ ಉಳಿಯಲಿ. ಐದು, ಕೊಡುವ ಮನಸ್ಸುಳ್ಳವರು ಮದುವೆಗೆ ತಿಂಗಳ ಮುಂಚೆ, ಅಗತ್ಯವಿರುವ ಮನೆಗೆ, ಸದ್ದಿಲ್ಲದೆ ಕೊಡಲಿ. ಆರು, ಪ್ರತಿ ಜಮಾಅತ್ ತನ್ನ ನಿಕಾಹ್ ರಿಜಿಸ್ಟರಿನ ಜೊತೆಗೆ ವಧುವಿಗೆ ಸೇರಿದ ವಸ್ತುಗಳ ಪಟ್ಟಿಯನ್ನು ಸಹಿಯೊಂದಿಗೆ ಇರಿಸುವ ವ್ಯವಸ್ಥೆ ಮಾಡಲಿ.

ಈ ಆರರಲ್ಲಿ ಅತ್ಯಂತ ಕಠಿಣವಾದುದು ಹಳೆಯ ಲೆಕ್ಕವನ್ನು ಮುಗಿಸುವುದು. ನಾವು ಕೊಟ್ಟದ್ದು ನಮಗೆ ಮರಳಬೇಡವೇ ಎಂದು ಪ್ರತಿಯೊಂದು ಮನೆಯೂ ಕೇಳುತ್ತದೆ. ಹಾಗಾಗಿ ಯಾವ ಮನೆಯೂ ಮೊದಲು ನಿಲ್ಲಿಸಲು ಒಪ್ಪುವುದಿಲ್ಲ. ಎಲ್ಲಾದರೂ ಒಂದು ಕಡೆ ಈ ಸರಪಳಿ ತುಂಡಾಗಬೇಕು. ತುಂಡು ಮಾಡುವ ಶಕ್ತಿ ಇರುವುದು ಹೆಚ್ಚು ಕೊಟ್ಟವರಿಗೆ, ಅಂದರೆ ಬರಬೇಕಾದದ್ದು ಹೆಚ್ಚಿರುವವರಿಗೆ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡುವುದನ್ನು, ಅದಕ್ಕಿಂತ ಮಿಗಿಲಾಗಿ ಸಾಲವನ್ನೇ ಬಿಟ್ಟುಕೊಡುವುದನ್ನು ಬಖರಃ ಅಧ್ಯಾಯದ 280ನೇ ಸೂಕ್ತ ಪ್ರಶಂಸಿಸುತ್ತದೆ. ನಿಜವಾದ ಸಾಲದ ಮಾತೇ ಹೀಗಿರುವಾಗ, ಸಾಲವೆಂದು ಹೇಳದೆಯೇ ಕೊಟ್ಟ ಮುಯ್ಯಿಯನ್ನು ಬಿಟ್ಟುಕೊಡಲು ನಮಗೇನು ತಡೆ? ಊರಿನಲ್ಲಿ ಉಳಿದ ಅಣ್ಣನಿಗೆ ನಗರದ ತಮ್ಮನು ಫೋನು ಮಾಡಿ, ನಮ್ಮ ನಡುವೆ ಇನ್ನು ಯಾವ ಮುಯ್ಯಿಯ ಬಾಕಿಯೂ ಇಲ್ಲ, ಮಕ್ಕಳನ್ನು ಕರೆದುಕೊಂಡು ಬಾ, ಟಿಕೆಟ್ ನಾನು ಮಾಡಿಸಿದ್ದೇನೆ ಎಂದು ಹೇಳಿದರೆ ಸಾಕು. ಅದಕ್ಕೆ ಖುತ್ಬಾ ಬೇಡ, ಮಸೂದೆ ಬೇಡ, ಅಭಿಯಾನವೂ ಬೇಡ. ಅಲ್ಲಾಹನು ನಮಗೆ ಕೊಡುವ ಕೈಯನ್ನೂ ಕೊಟ್ಟದ್ದನ್ನು ಮರೆಯುವ ಹೃದಯವನ್ನೂ ಕರುಣಿಸಲಿ.